ಒಂದೇ ಅಚ್ಚಿನ ಎರಡು ಕರಡಿಗೆ

ಪೂರ್ಣಿಮಾ ಕಾಲೇಜಿನ ಪ್ರವೇಶ ಪರೀಕ್ಷೆ ಬರೆದದ್ದು ತಾಯಿಯನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ. ಅವಳನ್ನು ಕರೆದುಕೊಂಡು ಹೋದವಳು ನಾನು. ಕೆಲವನ್ನು ಕಣ್ಣಾರೆ ಕಂಡಿದ್ದೇನೆ. ಉಳಿದದ್ದನ್ನು ಅವಳೇ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದಳು. ಬರೆಯಲು ಅವಳ ಒಪ್ಪಿಗೆಯಿದೆ.

ನಾವು ಚೆನ್ನೈನ ಮೈಲಾಪೂರಿನಲ್ಲಿ, ಗುಡಿಯ ಕೊಳದ ಹಿಂದಿನ ಬೀದಿಯ ಒಂದು ಹಳೆಯ ಕಟ್ಟಡದಲ್ಲಿ ಎದುರುಬದುರು ಬಾಗಿಲಿನವರು. ಅವಳ ತಂದೆ ಗುರುಬಸಪ್ಪನವರು ರಾಣೇಬೆನ್ನೂರಿನ ಕಡೆಯವರು. ಕೊತ್ವಾಲ್ ಚಾವಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಸಗಟು ಅಂಗಡಿ ಇಟ್ಟಿದ್ದಾರೆ. ಸಂಜೆ ಅವರು ಮೆಟ್ಟಿಲು ಹತ್ತಿದರೆ ಕೆಳಮನೆಯ ಮಾಮಿಗೆ ಸೀನು ಬರುತ್ತದೆ. ಗಡಿಯಾರ ನೋಡುವ ಅಗತ್ಯವಿಲ್ಲ ಎಂದು ಆಕೆ ನಗುತ್ತಾರೆ. ತಾಯಿ ಸುವರ್ಣಮ್ಮ ಗಣಿತದಲ್ಲಿ ಬಿ.ಎಸ್ಸಿ. ಮಾಡಿಕೊಂಡವರು. ಮದುವೆಯಾಗಿ ಚೆನ್ನೈಗೆ ಬಂದ ಮೇಲೆ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿ ಬೀದಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಪೂರ್ಣಿಮಾ ಒಬ್ಬಳೇ ಮಗಳು. ಇಲ್ಲೇ ಹುಟ್ಟಿ ಇಲ್ಲೇ ಓದಿದವಳು. ಮನೆಯ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಅರ್ಧ ತಮಿಳಿನಲ್ಲಿ ಬರುತ್ತದೆ.

ಹನ್ನೊಂದನೆಯ ಕ್ಲಾಸಿನಲ್ಲಿ ಅವಳಿಗೆ ಒಂದು ಪ್ರಶ್ನೆ ಹಿಡಿದುಕೊಂಡಿತು. ಲೋಲಕದ ಪಾಠದಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಕೋನ ಚಿಕ್ಕದಾಗಿದ್ದರೆ ಅದರ ಸೈನ್ ಅನ್ನೂ ಕೋನವನ್ನೂ ಒಂದೇ ಎಂದು ಹಿಡಿಯಿರಿ ಎಂದರಂತೆ. ಎಷ್ಟು ಚಿಕ್ಕದು ಎಂದು ಇವಳು ಕೇಳಿದಳು. ಅದು ಗಣಿತದವರನ್ನು ಕೇಳು ಎಂದರು. ಗಣಿತದ ಟೀಚರು ನಿಮ್ಮ ಲೋಲಕ ನನ್ನ ಪಾಠದಲ್ಲಿ ಇಲ್ಲ ಎಂದರು. ಇವಳು ಒಂದು ವಾರ ಆ ಎರಡು ಕೋಣೆಗಳ ನಡುವೆ ಓಡಾಡಿದಳು. ಆಮೇಲೆ ಎಲ್ಲೋ ಹುಡುಕಿ, ತಾಂಬರಂ ದಾಟಿ ಒಂದು ಕೆರೆಯ ಪಕ್ಕದಲ್ಲಿರುವ ಚಿಕ್ಕ ಸಂಸ್ಥೆಯ ಹೆಸರು ಹಿಡಿದುಕೊಂಡು ಬಂದಳು. ಅಲ್ಲಿ ಗಣಿತ ಮತ್ತು ಭೌತಶಾಸ್ತ್ರ ಎರಡನ್ನೂ ಸೇರಿಸಿ ಒಂದೇ ಪದವಿ. ಮೂರು ವರ್ಷ. ವರ್ಷಕ್ಕೆ ನಲವತ್ತು ಮಕ್ಕಳು. ಹಾಸ್ಟೆಲಿನಲ್ಲೇ ಇರಬೇಕು. ಅವರದೇ ಪ್ರವೇಶ ಪರೀಕ್ಷೆ.

ಸುವರ್ಣಮ್ಮನಿಗೆ ಅದು ಬೇಕಿರಲಿಲ್ಲ. ಗಿಂಡಿಯಲ್ಲಿ ಎಂಜಿನಿಯರಿಂಗ್ ಸೇರಲಿ, ದಿನಾ ಸಂಜೆ ಮನೆಗೆ ಬರಲಿ ಎಂಬುದು ಅವರ ಆಸೆ. ಒಂದು ಭಾನುವಾರ ತಾಯಿ ಮಗಳ ವಾದ ನನ್ನ ಬಾಗಿಲಿಗೂ ಕೇಳಿತು.

"ನಾ ಗಣಿತ ಓದಿ ಏನಾದ್ನಿ? ಹಾಲ್‌ನಾಗ ಕುಂತು ಮಂದಿ ಮಕ್ಕಳಿಗೆ ಭಿನ್ನರಾಶಿ ಹೇಳಾಕತ್ತೀನಿ."

"ನೀ ಬರೀ ಮ್ಯಾಥ್ಸ್ ಓದಿದೆಮ್ಮಾ. ನಾನು ಎರಡೂ ಓದ್ತೀನಿ."

"ಹಂಗಾರ ಎರಡು ಪಟ್ಟು ಭಿನ್ನರಾಶಿ ಹೇಳ್ತಿ."

ಪೂರ್ಣಿಮಾ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಸುವರ್ಣಮ್ಮ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ ಒಳಗೆ ಹೋದರು. ಮಂಗಳವಾರ ಬೆಳಿಗ್ಗೆ ಅವರು ಹಾಲಿನ ಪಾತ್ರೆ ಹಿಡಿದುಕೊಂಡೇ ಕುಸಿದರು. ತಲೆಯಲ್ಲಿ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಗುರುವಾರ ಮಧ್ಯಾಹ್ನ ಹೋಗಿಬಿಟ್ಟರು. ನಲವತ್ತಾರು ವಯಸ್ಸು.

ಇಲ್ಲಿ ನಮ್ಮೆರಡೂ ಮನೆಯವರ ಆಚಾರದ ಮಾತು ಒಂದಿಷ್ಟು ಹೇಳಬೇಕು. ನಮ್ಮಲ್ಲಿ ದೀಕ್ಷೆಯಾದವರಿಗೆ ಇಷ್ಟಲಿಂಗ ಅವರವರದೇ. ಬೆಳಿಗ್ಗೆ ಸ್ನಾನ ಮಾಡಿ ಎಡ ಅಂಗೈಯಲ್ಲಿಟ್ಟು ಪೂಜಿಸುತ್ತೇವೆ. ಒಬ್ಬರದನ್ನು ಇನ್ನೊಬ್ಬರು ಅಂಗೈಯಲ್ಲಿಟ್ಟು ಪೂಜಿಸುವಂತಿಲ್ಲ. ಉಸಿರು ನಿಂತ ದಿನ ಅದೇ ಅಂಗೈಯಲ್ಲಿ ಅದೇ ಲಿಂಗವನ್ನಿಟ್ಟು, ಕುಳಿತ ಭಂಗಿಯಲ್ಲೇ ಮಣ್ಣಿಗೆ ಇಳಿಸುತ್ತಾರೆ. ಲಿಂಗವನ್ನಿಡುವ ಬೆಳ್ಳಿಯ ಡಬ್ಬಿಗೆ ಕರಡಿಗೆ ಎನ್ನುತ್ತೇವೆ. ಸುವರ್ಣಮ್ಮ ಸದಾ ಕೊರಳಲ್ಲಿ ಹಾಕಿಕೊಂಡಿರುತ್ತಿದ್ದರು. ಪೂರ್ಣಿಮಾ ಪೂಜೆಯ ಹೊತ್ತಿನಲ್ಲಿ ಮಾತ್ರ ಹಾಕಿಕೊಂಡು, ಆಮೇಲೆ ದೇವರ ಗೂಡಿನಲ್ಲಿ ಇಟ್ಟು ಶಾಲೆಗೆ ಓಡುತ್ತಿದ್ದಳು. ಮಗಳ ದೀಕ್ಷೆಯ ವರ್ಷ ಸುವರ್ಣಮ್ಮ ತಮ್ಮ ಹಳೆಯ ಕರಡಿಗೆಯನ್ನು ಕರಗಿಸಿ, ರಾಣೇಬೆನ್ನೂರಿನ ಅಕ್ಕಸಾಲಿಗನಿಂದ ಒಂದೇ ಅಚ್ಚಿನಲ್ಲಿ ಎರಡು ಮಾಡಿಸಿದ್ದರು. ನನಗೂ ತೋರಿಸಿದ್ದರು. ಯಾವುದು ಯಾರದು ಎಂದು ಕೇಳಿದ್ದಕ್ಕೆ, ಒಳಗಿದ್ದವನಿಗೆ ಗೊತ್ತಿರತೈತಿ ಬಿಡ್ರಿ ಎಂದಿದ್ದರು.

ನಮಗೆ ಸೂತಕವೂ ಇಲ್ಲ. ಸಾವಾದ ಮನೆಯಲ್ಲಿ ಮರುದಿನವೇ ಪೂಜೆ, ಅಡುಗೆ, ಕೆಲಸ ಎಲ್ಲ ನಡೆಯುತ್ತದೆ. ಪ್ರವೇಶ ಪರೀಕ್ಷೆ ಭಾನುವಾರ ಇತ್ತು. ಶನಿವಾರ ಸಂಜೆ ನಾನು ಊಟ ತೆಗೆದುಕೊಂಡು ಹೋದಾಗ ಹಾಲ್ ಟಿಕೆಟ್ ಮೇಜಿನ ಮೇಲಿತ್ತು. ಗುರುಬಸಪ್ಪನವರು ಅದನ್ನೇ ನೋಡುತ್ತ ಕೂತಿದ್ದರು. ಹೋಗವ್ವ, ನಮಗ ಸೂತಕ ಇಲ್ಲ ಎಂದರು. ಅವಳು ಸರಿ ಎಂದಳು. ಬೇಡ ಅಂದಿದ್ದರೂ ಹೀಗೇ ಸರಿ ಎನ್ನುತ್ತಿದ್ದಳೇನೋ ಎಂದು ನನಗೆ ಅನಿಸಿತು. ಭಾನುವಾರ ಬೆಳಿಗ್ಗೆ ನಾವು ಮೆಟ್ಟಿಲಿಳಿಯುವಾಗ ಕೆಳಮನೆಯ ಮಾಮಿ ಬಾಗಿಲಲ್ಲಿ ನಿಂತಿದ್ದರು. ಮೂರು ದಿನ ಕೂಡ ಆಗಿಲ್ಲವಲ್ಲ ಎಂದು ಮೆಲ್ಲಗೆ ನನ್ನನ್ನು ಕೇಳಿದರು. ನಮ್ಮ ಪದ್ಧತಿ ಹೇಳಿದೆ. ಅವರು ತಲೆಯಾಡಿಸಿ, ಒಳಗೆ ಹೋಗಿ ಒಂದು ಬಾಟಲಿ ಮಜ್ಜಿಗೆ ತಂದು ಅವಳ ಕೈಗೆ ಕೊಟ್ಟರು.

ಪರೀಕ್ಷೆಯ ಬಾಗಿಲಲ್ಲಿ ಮೈಮೇಲೆ ಲೋಹದ್ದು ಏನೂ ಇರಬಾರದು ಎಂದರು. ಪೂರ್ಣಿಮಾ ಕೊರಳಿಗೆ ಕೈ ಹಾಕಿ ಕರಡಿಗೆ ತೆಗೆದು ನನ್ನ ಕೈಯಲ್ಲಿಟ್ಟಳು. ಅವಳು ಅದನ್ನು ಹಾಕಿಕೊಂಡೇ ಮನೆಯಿಂದ ಹೊರಟಿದ್ದನ್ನು ನಾನು ಆಗಲೇ ಗಮನಿಸಿದ್ದು. ತಾಯಿ ಹೋದ ಮೇಲೆ ಹಾಕಿಕೊಳ್ಳಬೇಕು ಅನಿಸಿರಬೇಕು ಎಂದುಕೊಂಡೆ. ಮೂರು ಗಂಟೆ ಕಾಲ ಒಂದು ಹೊಂಗೆಯ ಮರದ ಕೆಳಗೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಹೊರಗೆ ಬಂದಾಗ ಹೇಗಿತ್ತು ಎಂದು ಕೇಳಿದೆ.

"ತೆರಿಯಲೆ" ಎಂದಳು. ಗೊತ್ತಿಲ್ಲ ಎಂಬುದಕ್ಕೆ ತಮಿಳು. ಆಮೇಲಿನ ಎರಡು ತಿಂಗಳು ಅವಳ ಬಾಯಲ್ಲಿ ಹೆಚ್ಚಾಗಿ ಬಂದದ್ದು ಅದೊಂದೇ ಮಾತು.

ಆ ಎರಡು ತಿಂಗಳಲ್ಲಿ ಅವಳು ಅತ್ತದ್ದನ್ನು ನಾನು ಕಾಣಲಿಲ್ಲ. ಬೆಳಿಗ್ಗೆ ಏಳುತ್ತಿದ್ದಳು, ಅಪ್ಪನಿಗೆ ರೊಟ್ಟಿಯ ಬದಲು ದೋಸೆ ಹುಯ್ಯುತ್ತಿದ್ದಳು, ಡಬ್ಬಿ ಕಟ್ಟುತ್ತಿದ್ದಳು. ಟ್ಯೂಷನ್ನಿನ ಮಕ್ಕಳು ಬಂದು ಬಾಗಿಲಲ್ಲಿ ನಿಂತಾಗ ಚಾಪೆ ಹಾಸಿ ಭಿನ್ನರಾಶಿ ಹೇಳಿಕೊಟ್ಟಳು. ಮಕ್ಕಳು ಹೋದ ಮೇಲೆ ಚಾಪೆ ಸುತ್ತಿ ಗೋಡೆಗೆ ಒರಗಿಸುತ್ತಿದ್ದಳು. ತಾಯಿ ಇಡುತ್ತಿದ್ದ ಮೂಲೆಗೇ. ಹನ್ನೆರಡನೆಯ ಕ್ಲಾಸಿನ ಫಲಿತಾಂಶ ಬಂತು. ಒಳ್ಳೆಯ ಅಂಕಗಳು. ಅವಳು ಫೋನಿನಲ್ಲಿ ನೋಡಿ ಅಪ್ಪನಿಗೆ ತೋರಿಸಿ ಒಲೆಯ ಹತ್ತಿರ ಹೋದಳು, ಸಾರು ಉಕ್ಕುತ್ತಿತ್ತು.

ಜೂನ್ ಕೊನೆಗೆ ತಾಂಬರಂ ಕಡೆಯ ಸಂಸ್ಥೆಯಿಂದ ಸೀಟು ಸಿಕ್ಕಿದೆ ಎಂದು ಪತ್ರ ಬಂತು. ಬೇಕೋ ಬೇಡವೋ ಎಂದು ಜುಲೈ ಎರಡನೆಯ ವಾರದ ಶುಕ್ರವಾರ ಸಂಜೆ ಐದರೊಳಗೆ ತಿಳಿಸಬೇಕು. ತಿಳಿಸದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ಗಿಂಡಿಯಲ್ಲಿ ಎಂಜಿನಿಯರಿಂಗ್ ಕೂಡ ಸಿಗುವಂತಿತ್ತು. ಗುರುಬಸಪ್ಪನವರು ನಿನಗೆ ಯಾವುದು ಬೇಕೋ ಅದು ಎಂದರು. ಇಷ್ಟು ದಿನ ಅಡ್ಡ ನಿಂತವರು ಇಲ್ಲ. ಅವಳು ಪತ್ರವನ್ನು ಮಡಿಸಿ ದೇವರ ಗೂಡಿನ ಕೆಳಗಿನ ಅರೆಯಲ್ಲಿಟ್ಟಳು. ತೆರಿಯಲೆ ಎಂದಳು.

ಹೋಗಿ ನೋಡಿಕೊಂಡಾದರೂ ಬರೋಣ ಎಂದು ಆ ವಾರದ ಸೋಮವಾರ ನಾವು ಮೂವರೂ ಹೊರಟೆವು. ಗಿಂಡಿಯವರೆಗೆ ಆಟೋ, ಅಲ್ಲಿಂದ ರೈಲು. ಗಿಂಡಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಗುರುಬಸಪ್ಪನವರು ಎಂಜಿನಿಯರಿಂಗ್ ಕಾಲೇಜಿನ ದಿಕ್ಕಿಗೆ ಒಮ್ಮೆ ನೋಡಿದರು, ಮಗಳನ್ನು ನೋಡಿದರು. ಅವಳು ಹಳಿಯನ್ನು ನೋಡುತ್ತಿದ್ದಳು.

ಸಂಸ್ಥೆ ದೊಡ್ಡದೇನಲ್ಲ. ಎರಡು ಕಟ್ಟಡ, ಒಂದು ಹಾಸ್ಟೆಲು, ಬೇಲಿಯಾಚೆ ಕೆರೆ. ತೋರಿಸಲು ಕಚೇರಿಯವರು ಎರಡನೆಯ ವರ್ಷದ ಒಬ್ಬ ಹುಡುಗಿಯನ್ನು ಕಳಿಸಿದರು. ಹೆಸರು ಪ್ರಣಮ್ಯಾ. ಕುಂದಾಪುರದ ಕಡೆಯವಳು, ಅವಳ ಮಾವ ಅಡ್ಯಾರಿನಲ್ಲಿ ಹೋಟೆಲು ನಡೆಸುತ್ತಾರಂತೆ. ನಾವು ಕನ್ನಡದವರು ಎಂದು ತಿಳಿದದ್ದೇ ಅವಳ ನಾಲಿಗೆ ಬಿಚ್ಚಿಕೊಂಡಿತು.

"ಊಟ ಎಂತದೂ ತೊಂದರೆ ಇಲ್ಲ ಮಾರಾಯ್ತಿ. ಸಾಂಬಾರಿಗೆ ಬೆಲ್ಲ ಹಾಕೂದಿಲ್ಲ, ಅದೊಂದೇ. ನಾನು ಮನೆಯಿಂದ ಒಂದು ಡಬ್ಬಿ ತಂದು ಇಟ್ಕೊಂಡಿದ್ದೇನೆ."

ಒಂದು ಕೋಣೆ ತೋರಿಸಿದಳು. ಗೋಡೆಯಿಂದ ಗೋಡೆಗೆ ಕಪ್ಪು ಹಲಗೆ. ಬೆಳಿಗ್ಗೆ ಭೌತಶಾಸ್ತ್ರದವರು ಬರೆದು ಹೋದದ್ದನ್ನು ಇಲ್ಲಿ ಯಾರೂ ಅಳಿಸುವುದಿಲ್ಲವಂತೆ. ಆಮೇಲೆ ಬರುವ ಗಣಿತದವರು ಮೊದಲು ಅದನ್ನು ಓದಿ, ಎಲ್ಲಿ ಅವಸರ ಮಾಡಿದ್ದಾರೋ ಅಲ್ಲಿ ಒಂದು ಸುತ್ತು ಹಾಕುತ್ತಾರಂತೆ. ಮಾರನೆಯ ದಿನ ಭೌತಶಾಸ್ತ್ರದವರು ಬಂದು ಸುತ್ತುಗಳನ್ನು ಎಣಿಸಿ, ಇವತ್ತು ಕಡಿಮೆ ಎಂದು ನಗುತ್ತಾರಂತೆ. ಮೊದಲ ಎರಡು ವರ್ಷ ಎಲ್ಲರಿಗೂ ಎರಡೂ ಸಮ. ಮೂರನೆಯ ವರ್ಷದಲ್ಲಿ ಬೇಕಾದ ಕಡೆಗೆ ವಾಲಬಹುದು.

"ನಿನಗೆ ಇಲ್ಲಿಗೆ ಬರ್ಬೇಕು ಅಂತ ಯಾಕೆ ಅನ್ಸಿತು?" ಎಂದು ಪ್ರಣಮ್ಯಾ ಕೇಳಿದಳು.

ಪೂರ್ಣಿಮಾ ಹಲಗೆಯ ಮೇಲಿನ ಒಂದು ಸುತ್ತನ್ನು ಬಹಳ ಹೊತ್ತು ನೋಡಿದಳು. ತೆರಿಯಲೆ ಎಂದಳು.

ಹಿಂದಿರುಗುವಾಗ ರೈಲಿನಲ್ಲಿ ಗುರುಬಸಪ್ಪನವರು ನನಗೆ ಮಾತ್ರ ಕೇಳುವಂತೆ ಹೇಳಿದರು. "ಅಕ್ಕಾರ, ಮೊದಲು ಆಕಿ ಕಣ್ಣಾಗ ಆಸೆ ಇತ್ತು. ಈಗ ಇಲ್ಲ. ಆಸೆ ಇಲ್ಲದ ಕಡೆ ಹಾಸ್ಟೆಲಿಗೆ ಯಾಕ ಕಳಸಬೇಕು? ಆಕಿ ತಾಯಿ ಹೇಳಿದ ಹಂಗ ಗಿಂಡಿಗೇ ಹೋಗಲಿ. ಸಂಜೀ ಕಣ್ಮುಂದ ಇರತಾಳ." ನನಗೆ ಅವರ ಮಾತು ತಪ್ಪು ಅನ್ನಿಸಲಿಲ್ಲ. ಸರಿ ಎಂದೂ ಅನ್ನಿಸಲಿಲ್ಲ. ಶುಕ್ರವಾರಕ್ಕೆ ನಾಲ್ಕು ದಿನ ಇತ್ತು.

ಮಂಗಳವಾರ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಹತ್ತಿ ಹಿಡಿದುಕೊಂಡು ಹೂಬತ್ತಿ ಮಾಡುತ್ತ ಕೂತಿದ್ದೆ. ಅವಳು ಬಂದು ಎದುರಿಗೆ ಕೂತು ತಾನೂ ಮಾಡತೊಡಗಿದಳು. ಬೆರಳು ಹಾಲಿನಲ್ಲಿ ಅದ್ದಿ ತುದಿ ಹೊಸೆಯುವುದನ್ನು ಸುವರ್ಣಮ್ಮನೇ ಕಲಿಸಿದ್ದರು. ಇಪ್ಪತ್ತು ಮೂವತ್ತು ಬತ್ತಿ ಆದವು.

"ದೊಡ್ಡಮ್ಮಾ, ನನ್ನ ಹತ್ರ ಇರೋದು ಅಮ್ಮನ ಲಿಂಗ" ಎಂದಳು.

ಕೈ ನಿಲ್ಲಿಸಿದೆ. ಅವಳು ನಿಲ್ಲಿಸಲಿಲ್ಲ, ಹತ್ತಿ ಹಿಂಜುತ್ತಲೇ ಹೇಳಿದಳು.

ಆಸ್ಪತ್ರೆಯಲ್ಲಿ ತೀವ್ರ ನಿಗಾ ಕೋಣೆಗೆ ಹಾಕುವ ಮುನ್ನ ನರ್ಸ್ ಸುವರ್ಣಮ್ಮನ ತಾಳಿ, ಬಳೆ, ಓಲೆ, ಕರಡಿಗೆ ಎಲ್ಲ ಬಿಚ್ಚಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಳು. ಗುರುಬಸಪ್ಪನವರು ಅದನ್ನು ಮನೆಗೆ ತಂದು, ಕರಡಿಗೆಯನ್ನು ದೇವರ ಗೂಡಿನಲ್ಲಿಟ್ಟರು. ಮಗಳದ್ದರ ಪಕ್ಕದಲ್ಲಿ. ಗುರುವಾರ ಜೀವ ಹೋದ ಮೇಲೆ ಸೀರೆ, ವಿಭೂತಿ, ಕರಡಿಗೆ ತರಲು ಓಡಿ ಬಂದವರು ಗೂಡಿಗೆ ಕೈ ಹಾಕಿ ಮೊದಲು ಸಿಕ್ಕಿದ್ದನ್ನು ತೆಗೆದುಕೊಂಡು ಹೋದರು. ಜಂಗಮರಾದ ವಿಶ್ವಾರಾಧ್ಯ ಅಯ್ಯನವರು ಅದನ್ನು ತೆರೆದು, ಒಳಗಿದ್ದದ್ದನ್ನು ಸುವರ್ಣಮ್ಮನ ಅಂಗೈಯಲ್ಲಿಟ್ಟರು. ಯಾರಿಗೂ ಅನುಮಾನ ಬರಲಿಲ್ಲ. ತಾಯಿ ಹೋದ ಮೇಲೆ ಮೊದಲ ಸಲ, ಪರೀಕ್ಷೆಯ ದಿನ ಬೆಳಿಗ್ಗೆ, ಪೂರ್ಣಿಮಾ ಪೂಜೆಗೆ ಕೂತು ಕರಡಿಗೆ ತೆರೆದಳು. ಲಿಂಗದ ಅಂಚಿನಲ್ಲಿ ಕಪ್ಪು ಲೇಪ ಅಕ್ಕಿಕಾಳಿನಷ್ಟು ಎದ್ದಿತ್ತು. ನಾಲ್ಕು ವರ್ಷದವಳಿದ್ದಾಗ ತಾಯಿಯ ಕೈಯಿಂದ ಇವಳೇ ಕಿತ್ತುಕೊಂಡು ರುಬ್ಬುಗಲ್ಲಿನ ಮೇಲೆ ಬೀಳಿಸಿದ ಗುರುತು ಅದು. ಮತ್ತೆ ಲೇಪ ಹಾಕಿಸೋಣ ಎಂದರೆ ಸುವರ್ಣಮ್ಮ, ಇರಲಿ, ನನ್ನ ಮಗಳ ಸಹಿ ಎಂದು ಬಿಟ್ಟಿದ್ದರಂತೆ.

"ಏನು ಮಾಡಿದಿ ಆಗ?" ಎಂದು ಕೇಳಿದೆ.

"ಪೂಜೆ ಮಾಡಿದೆ. ಆಮೇಲೆ ಕೊರಳಿಗೆ ಹಾಕೊಂಡೆ. ಪರೀಕ್ಷೆಗೆ ಬಂದೆ." ಇನ್ನೊಂದು ಬತ್ತಿ ಹೊಸೆದು ಹೇಳಿದಳು. "ನಂದು ಮಣ್ಣಲ್ಲಿದೆ. ಫಿಸಿಕ್ಸು ಬೇಕು, ಮ್ಯಾಥ್ಸು ಬೇಕು ಅಂತ ಅಮ್ಮನ ಹತ್ರ ಜಗಳ ಆಡಿದವಳೂ ಅಲ್ಲೇ ಹೋದಳು ಅನ್ಸತ್ತೆ. ಇಲ್ಲಿ ಕೂತಿರೋಳಿಗೆ ಏನೂ ಬೇಕಾಗಿಲ್ಲ. ಬೇಡವೂ ಆಗಿಲ್ಲ."

ಅವಳ ದನಿಯಲ್ಲಿ ದುಃಖ ಇರಲಿಲ್ಲ. ಅಂಗಡಿಯಲ್ಲಿ ಯಾವ ಸಾಮಾನು ಮುಗಿದಿದೆ ಎಂದು ಹೇಳುವವರ ದನಿ. ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ತಂದವರು ಅವರೇ ಅಲ್ಲವಾ ಎಂದಳು. ಎರಡು ತಿಂಗಳಿನಿಂದ ಅವಳು ತನ್ನದಲ್ಲದ ಲಿಂಗವನ್ನು ಹಿಡಿದು ದಿನವೂ ಪೂಜೆ ಮಾಡಿದ್ದಾಳೆ, ಅದು ಸಲ್ಲದು ಎಂದು ತಿಳಿದೇ. ನಿಲ್ಲಿಸಿದರೆ ಅಪ್ಪ ಕೇಳುತ್ತಾರೆ ಎಂದು. ಮಾಡಿದ ಬತ್ತಿಗಳನ್ನು ಡಬ್ಬಿಗೆ ತುಂಬಿದೆ. ಕೊನೆಗೆ, ಅಪ್ಪನಿಗೆ ಹೇಳವ್ವ, ಬೇಕಾದರೆ ನಾನು ಜೊತೆಗೆ ಕೂತಿರುತ್ತೇನೆ ಎಂದೆ. ಅಷ್ಟೇ.

ಬುಧವಾರ ಸಂಜೆ ಕೆಳಮನೆಯ ಮಾಮಿ ಸೀನಿದರು. ಗುರುಬಸಪ್ಪನವರು ಬಂದು ಕೈಕಾಲು ತೊಳೆದು ಕೂತ ಮೇಲೆ ಅವಳು ಕೊರಳಿನ ಕರಡಿಗೆ ತೆಗೆದು, ತೆರೆದು, ಅವರ ಮುಂದೆ ಹಿಡಿದಳು. ಅವರು ಅಂಚಿನ ಗುರುತನ್ನು ನೋಡಿದರು. ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಾದ ಮೇಲೆ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಗೂಡಿಗೆ ಹಾಕಿದ ಕೈ.

"ನಿನ್ನದು ಆಕಿ ಕೈಯಾಗ ಐತಿ" ಎಂದರು.

"ಹೌದಪ್ಪಾ."

"ಎಷ್ಟು ದಿನದಿಂದ ಗೊತ್ತು?"

"ಮೊದಲಿನಿಂದ."

ಅವರು ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತರು. ನಾನೂ ಅವಳೂ ಕೂತೇ ಇದ್ದೆವು. ಕೊಳದ ಕಡೆಯಿಂದ ಗಂಟೆ ಕೇಳಿಸಿತು, ಮೇಲಿನ ಸೇತುವೆಯ ಮೇಲೆ ರೈಲು ಹೋಯಿತು. ಅವರು ಒಳಗೆ ಬಂದು ವಿಶ್ವಾರಾಧ್ಯ ಅಯ್ಯನವರಿಗೆ ಫೋನ್ ಹಚ್ಚಿದರು. ನಡೆದದ್ದನ್ನು ಹೇಳಿ, ನನ್ನ ಕಡೆಯಿಂದ ಆದ ತಪ್ಪು ಎಂದು ಮೂರು ಸಲ ಹೇಳಿದರು.

ಗುರುವಾರ ಬೆಳಿಗ್ಗೆ ಅಯ್ಯನವರು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಸಮಾಧಿಯನ್ನು ತೆರೆಯುವ ಹಾಗಿಲ್ಲ, ತೆರೆಯಬೇಕಾಗಿಯೂ ಇಲ್ಲ ಎಂದರು. ಸುವರ್ಣಮ್ಮನ ಲಿಂಗವನ್ನು ಸಮಾಧಿಯ ತಲೆಯ ಕಡೆ ಮಣ್ಣಿನಲ್ಲಿ ಇಟ್ಟು ಬರೋಣ, ಹುಡುಗಿಗೆ ಹೊಸ ಲಿಂಗ ಕೊಟ್ಟು ಮತ್ತೆ ದೀಕ್ಷೆ ಮಾಡೋಣ ಎಂದರು. ತಪ್ಪಿಗೆ ಏನು ಪ್ರಾಯಶ್ಚಿತ್ತ ಎಂದು ಗುರುಬಸಪ್ಪನವರು ಕೇಳಿದರು. ಅಯ್ಯನವರು, ಅವತ್ತು ಕರಡಿಗೆ ತೆರೆದವನು ನಾನು, ನನಗೂ ತಿಳಿಯಲಿಲ್ಲ, ಇಬ್ಬರೂ ಸೇರಿ ಮಣ್ಣು ತೆಗೆಯೋಣ ನಡಿ ಎಂದರು.

ರುದ್ರಭೂಮಿಯಲ್ಲಿ ಅವರಿಬ್ಬರೇ ಒಂದು ಸಣ್ಣ ಕುಳಿ ತೆಗೆದರು. ಎರಡು ತಿಂಗಳ ಬಿಸಿಲಿಗೆ ಮೇಲಿನ ಮಣ್ಣು ಬಿರುಸಾಗಿತ್ತು. ಪೂರ್ಣಿಮಾ ಕರಡಿಗೆಯಿಂದ ಲಿಂಗ ತೆಗೆದು, ಅಂಚಿನ ಗುರುತನ್ನು ಬೆರಳಿನಿಂದ ಒಮ್ಮೆ ಮುಟ್ಟಿ, ಬಿಲ್ವದೆಲೆಯ ಮೇಲಿಟ್ಟು ಕುಳಿಯಲ್ಲಿ ಇಳಿಸಿದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಗುರುಬಸಪ್ಪನವರು ಮಣ್ಣು ಮುಚ್ಚುವಾಗ ಅತ್ತರು. ಸುವರ್ಣಮ್ಮ ಹೋದ ಮೇಲೆ ಅವರು ಅತ್ತದ್ದು ಅದೇ ಮೊದಲು.

ಮನೆಗೆ ಬಂದು ಎಲ್ಲರೂ ಸ್ನಾನ ಮಾಡಿದ ಮೇಲೆ ದೀಕ್ಷೆ. ದೇವರ ಗೂಡಿನ ಮುಂದೆ ಮಣೆಯ ಮೇಲೆ ಅವಳನ್ನು ಕೂರಿಸಿದರು. ಹಣೆಗೆ ವಿಭೂತಿ. ಅಯ್ಯನವರು ಹೊಸ ಲಿಂಗವನ್ನು ಕೈಯಲ್ಲಿ ಹಿಡಿದುಕೊಂಡು, ಕೊಡುವ ಮುನ್ನ ನಿಲ್ಲಿಸಿದರು.

"ಎಂಟು ವರ್ಷದಾಕಿ ಇದ್ದಾಗ ನಿನಗ ನಾನಽ ಕಟ್ಟಿದ್ದೆ. ನೀ ತೂಕಡಿಸಾಕತ್ತಿದ್ದಿ. ಬೇಕೇನವ್ವ ಅಂತ ಕೇಳಿದ್ರ ನಿಮ್ಮವ್ವ, ಬೇಕು ಅಂತಾಳ್ರಿ ಅಂದ್ಲು. ಈ ಸಲ ನೀನಽ ಹೇಳಬೇಕು."

ನಾನು ತೆರಿಯಲೆ ಎಂಬ ಮಾತಿಗೆ ಕಾದೆ. ಗುರುಬಸಪ್ಪನವರೂ ಕಾದಿರಬೇಕು, ಅವರ ತಲೆ ಬಗ್ಗಿತು.

"ನಂಗೆ ಏನೂ ಅನ್ನಿಸ್ತಾ ಇಲ್ಲ ಅಯ್ಯಾ" ಎಂದಳು. "ಬೇಕು ಅಂತ ಸುಳ್ಳು ಹೇಳಲಾ?"

ಅಯ್ಯನವರು ಸಿಟ್ಟು ಮಾಡಲಿಲ್ಲ. ಕನ್ನಡಕ ತೆಗೆದು ಶಲ್ಯದ ತುದಿಯಿಂದ ಒರೆಸಿಕೊಂಡರು.

"ಅನಿಸಿದ್ದನ್ನ ನಾ ಕೇಳಿಲ್ಲವ್ವ. ನಾಳೆ ಮುಂಜಾನೆ ಎದ್ದು ಇದನ್ನ ಕೈಯಾಗ ಹಿಡೀತೀಯೋ ಇಲ್ಲೋ, ಅದನ್ನ ಕೇಳೀನಿ."

ಅವಳು ಯೋಚಿಸಿದಳು. ಲೆಕ್ಕ ಸರಿ ಇದೆಯಾ ಎಂದು ನೋಡುವವರ ಹಾಗೆ ಹುಬ್ಬು ಸ್ವಲ್ಪ ಕೂಡಿತು.

"ಹಿಡೀತೀನಿ" ಎಂದಳು.

"ನಾಡಿದ್ದು?"

"ನಾಡಿದ್ದೂ ಹಿಡೀತೀನಿ."

ಅಯ್ಯನವರು ಅವಳ ಎಡಗೈ ಬಿಡಿಸಿ ಅದರಲ್ಲಿ ಲಿಂಗವನ್ನಿಟ್ಟು, ಕಿವಿಯಲ್ಲಿ ಮಂತ್ರ ಹೇಳಿದರು. ಕರಡಿಗೆ ಮಾತ್ರ ಹಳೆಯದೇ, ತಾಯಿಯ ಕೊರಳಲ್ಲಿದ್ದದ್ದು.

ನನ್ನ ಪೂಜೆಯ ಬಗ್ಗೆ ನಾನು ಯಾರಲ್ಲೂ ಹೇಳಿಕೊಂಡವಳಲ್ಲ. ಆದರೂ ಆವತ್ತು ಅಯ್ಯನವರ ಮಾತು ಕೇಳಿ ನನಗೆ ದೊಡ್ಡ ಸಮಾಧಾನವಾಯಿತು. ಏನೂ ಅನ್ನಿಸದೆ ಕೈಯಲ್ಲಿ ಹಿಡಿದು ಕೂತ ಬೆಳಗುಗಳು ನನಗೂ ಎಷ್ಟೋ ಇವೆ.

ಊಟಕ್ಕೆ ಅಯ್ಯನವರು, ಗುರುಬಸಪ್ಪನವರು ಕೂತರು. ಅವಳು ಬಡಿಸಿದಳು. ಅನ್ನದ ಮೇಲೆ ಸಾರು ಹಾಕುವಾಗ ತಾನಾಗಿಯೇ ಹೇಳಿದಳು.

"ಅಪ್ಪಾ, ನಾಳೆ ನಾನು ಆ ಪತ್ರಕ್ಕೆ ಉತ್ತರ ಕಳಿಸ್ತೀನಿ. ತಾಂಬರಂ ಕಡೆಗೆ ಹೋಗ್ತೀನಿ."

ಗುರುಬಸಪ್ಪನವರು ತುತ್ತು ಕೆಳಗಿಟ್ಟರು. "ಬೇಕು ಅನಸಾಕತ್ತೈತೇನು?"

"ಇಲ್ಲ. ಆದ್ರೆ ದಿನಾ ಬೆಳಿಗ್ಗೆ ಆ ಕ್ಲಾಸಿಗೆ ಹೋಗಿ ಕೂತ್ಕೊಳ್ತೀನಿ. ಅದಾಗತ್ತೆ. ಗಿಂಡಿಯದಾದ್ರೆ ನಾಲ್ಕು ದಿನ ಕೂರ್ತೀನಿ, ಐದನೇ ದಿನ ಕೂರಲ್ಲ."

"ನಿಮ್ಮವ್ವ ಗಿಂಡಿ ಅಂತಿದ್ಲು."

"ಗೊತ್ತಪ್ಪಾ" ಎಂದಳು. ಸೌಟು ಪಾತ್ರೆಯಲ್ಲಿಟ್ಟಳು. "ಅಮ್ಮಂದು ಅಮ್ಮನಿಗೆ ಕೊಟ್ಟು ಬಂದೆವಲ್ಲ."

ಅವರು ಮತ್ತೆ ಊಟ ಮಾಡತೊಡಗಿದರು. ಮಜ್ಜಿಗೆ ಹಾಕಿಸಿಕೊಳ್ಳುವಾಗ, ಹಾಸಿಗೆ ಇಲ್ಲಿಂದ ಒಯ್ಯಬೇಕೋ ಅಲ್ಲೇ ಕೊಡತಾರೋ ಎಂದು ಕೇಳಿದರು.

ಶುಕ್ರವಾರ ಮಧ್ಯಾಹ್ನ ಅವಳು ಉತ್ತರ ಕಳಿಸಿದಳು. ಟ್ಯೂಷನ್ನಿನ ಮಕ್ಕಳಿಗೆ ಇನ್ನು ಮೇಲೆ ಕೆಳಮನೆಯ ಮಾಮಿಯ ಮಗಳು ಹೇಳಿಕೊಡುತ್ತಾಳೆ ಎಂದು ಏರ್ಪಾಡು ಮಾಡಿದಳು. ಚಾಪೆಯನ್ನೂ ಕೆಳಗೆ ಕಳಿಸಿದಳು. ಆಗಸ್ಟ್ ಮೊದಲ ವಾರ ನಾವು ಹೋಗಿ ಬಿಟ್ಟು ಬಂದೆವು. ಪ್ರಣಮ್ಯಾ ಹಾಸ್ಟೆಲಿನ ಬಾಗಿಲಲ್ಲಿ ನಿಂತಿದ್ದಳು. ಬೆಲ್ಲದ ಡಬ್ಬಿ ಇಬ್ಬರಿಗೂ ಸಾಕಾಗುತ್ತದೆ ಎಂದಳು. ಪೂರ್ಣಿಮಾ ತಲೆಯಾಡಿಸಿದಳು. ನಗಲಿಲ್ಲ.

ಮೂರು ವಾರದ ಮೇಲೆ ಶನಿವಾರ ಮನೆಗೆ ಬಂದಳು. ಮುಖ ಹಾಗೇ ಇತ್ತು, ಇನ್ನೂ ಸ್ವಲ್ಪ ಸೊರಗಿತ್ತು. ಕ್ಲಾಸು ಹೇಗಿದೆ ಎಂದು ಕೇಳಿದೆ. ಕಷ್ಟ ಎಂದಳು. ಅರ್ಧಕ್ಕರ್ಧ ತಿಳಿಯುತ್ತಿಲ್ಲ, ಒಂದು ದಿನವೂ ತಪ್ಪಿಸಿಲ್ಲ ಎಂದಳು. ಚೀಲದಿಂದ ಒಂದು ಪುಸ್ತಕ ತೆಗೆದು ತೋರಿಸಿದಳು. ಭೌತಶಾಸ್ತ್ರದವರು ಲೋಲಕದ ಪಾಠ ಮಾಡಿ, ಕೋನ ಚಿಕ್ಕದು ಎಂದು ಹಿಡಿಯಿರಿ ಎಂದು ಬರೆದು ಹೋದರಂತೆ. ಗಣಿತದವರು ಬಂದು ಆ ಚಿಕ್ಕದು ಎಂಬ ಮಾತಿನ ಸುತ್ತ ಸುತ್ತು ಹಾಕಿ, ಎಷ್ಟು ಚಿಕ್ಕದು, ತಪ್ಪು ಎಷ್ಟರೊಳಗೆ ಇರುತ್ತದೆ, ಸಾಧಿಸಿ ತನ್ನಿ, ಅಳೆದೂ ತನ್ನಿ ಎಂದರಂತೆ. ಸೋಮವಾರಕ್ಕೆ ಬೇಕು.

ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಅವಳು ಅಪ್ಪನ ಹಿಂದೆ ಅಂಗಡಿಗೆ ಹೊರಟಳು. ನಾನೂ ಹೋದೆ. ಅಂಗಡಿಯ ಒಳಕೋಣೆಯಲ್ಲಿ ತೊಲೆಗೆ ಹಳೆಯ ಕೊಕ್ಕೆ ತಕ್ಕಡಿ ಇನ್ನೂ ತೂಗುಬಿದ್ದಿದೆ. ಈಗ ತೂಕವೆಲ್ಲ ನೆಲದ ಮೇಲಿನ ಯಂತ್ರದಲ್ಲಿ. ಅದನ್ನು ಯಾರೂ ಮುಟ್ಟುವುದಿಲ್ಲ. ಅವಳು ಚಿಕ್ಕವಳಿದ್ದಾಗ ಅದಕ್ಕೆ ಮೂಟೆ ನೇತುಹಾಕಿದರೆ, ಅದು ತೂಗಾಡಿ ನಿಲ್ಲುವವರೆಗೂ ಕಾದು ಆಮೇಲೆ ತೂಕ ಓದುತ್ತಿದ್ದರಂತೆ. ಕಾಯುವ ಕೆಲಸ ಅವಳದ್ದು.

"ಅಪ್ಪಾ, ಒಂದು ಮೂಟೆ ಹಾಕಿಕೊಡ್ತೀರಾ?" ಎಂದಳು.

ಗುರುಬಸಪ್ಪನವರು ಅಂಗಿಯ ತೋಳು ಮಡಿಸಿ, ಹಗ್ಗ ಕೊಕ್ಕೆಯಿಂದ ಮೂಟೆಯವರೆಗೆ ಸರಿಯಾಗಿ ಬಿಗಿದರು. ಅವಳು ಅಳತೆಯ ಪಟ್ಟಿ ಹಿಡಿದು ಹಗ್ಗದ ಉದ್ದ ಬರೆದುಕೊಂಡಳು. ಮೂಟೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ಹಿಡಿದಳು. ಇದು ಚಿಕ್ಕದೋ ದೊಡ್ಡದೋ ಎಂದು ಅವರು ಕೇಳಿದರು. ಅದನ್ನೇ ನೋಡಬೇಕು ಎಂದು ಅವಳು ಕೈ ಬಿಟ್ಟಳು. ಮೆಣಸಿನಕಾಯಿಯ ಘಾಟು ಎದ್ದು ನನಗೆ ಕೆಮ್ಮು ಬಂತು. ಅವಳು ಕೆಮ್ಮಲಿಲ್ಲ, ಎಣಿಸುತ್ತಿದ್ದಳು.